ಪಟ್ಟಿಯಲ್ಲಿದ್ದ ಹೆಸರು: ಒಡಹುಟ್ಟಿದವನ ರಕ್ಷಣೆಗಾಗಿ ಹಂಬಲಿಸಿದ ಅಕ್ಕನೊಬ್ಬಳ ಪ್ರಕರಣ

ಕ್ರೈಸ್ತ ಸಭೆಯ ಹಿರಿಯನಾಗಿ ನಾನು ಹಲವು ವರ್ಷಗಳಿಂದ ಕುಟುಂಬಗಳ ಆತ್ಮಿಕ ಸಮಾಲೋಚನೆಯಲ್ಲಿ ತೊಡಗಿದ್ದೇನೆ. ನನ್ನಲ್ಲಿಗೆ ಬರುವವರಲ್ಲಿ ಬಹುಮಂದಿ ತಂತಮ್ಮ ಸಲುವಾಗಿ ಬರುವುದಿಲ್ಲ, ಮನೆಯವರ ಸಲುವಾಗಿ ಬರುತ್ತಾರೆ. ಗಂಡ ಪ್ರಾರ್ಥನೆಗೆ ಕೂರುವುದಿಲ್ಲ, ಮಗ ಆರಾಧನೆಗೆ ಬರುವುದನ್ನು ಬಿಟ್ಟಿದ್ದಾನೆ, ಜೀವದ ಗೆಳೆಯನ ಮುಂದೆ ಸುವಾರ್ತೆಯ ಮಾತೆತ್ತಿದರೆ ಅವನು ನಕ್ಕು ಬಿಡುತ್ತಾನೆ; ಇವರೆಲ್ಲ ಯೇಸುವನ್ನು ನಂಬಿ ಪಾಪದಿಂದ ರಕ್ಷಣೆ ಹೊಂದುವಂತೆ ನಾನೇನು ಮಾಡಬೇಕು ಎಂಬುದು ಅವರ ಪ್ರಶ್ನೆ. ಇಂಥ ಒಂದು ಪ್ರಶ್ನೆಯ ಹಿಂದೆ ನಾಲ್ಕು ವರ್ಷ ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತದಂತೆ ವಯಸ್ಸು, ವೃತ್ತಿ, ಊರುಗಳ ವಿವರವನ್ನು ಬಿಟ್ಟಿದ್ದೇನೆ. ಅವರನ್ನು ಅಕ್ಕ, ತಮ್ಮ, ತಂದೆ, ಗೆಳತಿ ಎಂದಷ್ಟೇ ಕರೆದು, ಒಡಹುಟ್ಟಿದವರ ನಡುವಿನ ಏಕವಚನವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ನಾನು ಕೊಟ್ಟ ಸಲಹೆಗಳಲ್ಲಿ ಒಂದು ತಪ್ಪಾಗಿತ್ತು. ಬರೆಯಲು ಅದೂ ಒಂದು ಕಾರಣ.

ಹಿನ್ನೆಲೆ

ಇಬ್ಬರೂ ಹುಟ್ಟಿ ಬೆಳೆದದ್ದು ಕ್ರೈಸ್ತ ಮನೆಯಲ್ಲಿಯೇ. ಭಾನುವಾರದ ಆರಾಧನೆ ತಪ್ಪುತ್ತಿರಲಿಲ್ಲ, ಮಲಗುವ ಮುನ್ನ ಪ್ರಾರ್ಥನೆ ಇತ್ತು, ಆದರೆ ನಂಬಿಕೆಯ ಬಗ್ಗೆ ಮಾತುಕತೆ ಇರಲಿಲ್ಲ. ತಂದೆ ಮಿತಭಾಷಿ, ತಾಯಿ ಎಲ್ಲರ ಬೇಕುಬೇಡಗಳಲ್ಲಿ ಮುಳುಗಿದ್ದವರು. ತಮ್ಮ ಓದುವ ದಿನಗಳಲ್ಲಿಯೇ ಸಭೆಯಿಂದ ದೂರವಾದ. ಜಗಳವಾಡಿ ಹೋದದ್ದಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸಿದ. ಅಕ್ಕನ ನಂಬಿಕೆಯೂ ಆಗ ಅಭ್ಯಾಸಬಲದ್ದೇ ಆಗಿತ್ತು. ಮೂವತ್ತು ದಾಟಿದ ಮೇಲೆ, ಒಂದು ದೀರ್ಘ ಬಳಲಿಕೆಯ ಕಾಲದಲ್ಲಿ, ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಸತ್ಯವೇದದ, ಅಂದರೆ ಬೈಬಲಿನ, ವಾಕ್ಯಗಳು ಒಮ್ಮೆಲೇ ತನ್ನನ್ನೇ ಕುರಿತು ಬರೆದವುಗಳಂತೆ ಕಂಡವೆಂದು ಅವಳು ಹೇಳುತ್ತಾಳೆ. ಅಲ್ಲಿಂದ ಅವಳ ಬದುಕು ಬದಲಾಯಿತು. ಅದನ್ನು ನಾನು ಸಂದೇಹಿಸುವುದಿಲ್ಲ.

ಹಾಗೆ ಬದಲಾದವರಿಗೆ ಮೊದಲು ನೆನಪಾಗುವುದು ತನ್ನವರೇ. ಅಂದ್ರೆಯನು ಯೇಸುವನ್ನು ಕಂಡ ಕೂಡಲೇ ತನ್ನ ಒಡಹುಟ್ಟಿದವನಾದ ಸೀಮೋನನನ್ನು ಹುಡುಕಿಕೊಂಡು ಹೋದನೆಂದು ಯೋಹಾನನ ಸುವಾರ್ತೆಯ 1ನೇ ಅಧ್ಯಾಯ ಹೇಳುತ್ತದೆ. ದೆವ್ವದ ಕಾಟದಿಂದ ಬಿಡುಗಡೆಯಾದವನು ದೋಣಿ ಹತ್ತಿ ಹಿಂದೆ ಬರುತ್ತೇನೆಂದಾಗ ಯೇಸು ಒಪ್ಪದೆ, ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗೆಂದು ಕಳುಹಿಸಿದ್ದು ಮಾರ್ಕನ 5ನೇ ಅಧ್ಯಾಯದಲ್ಲಿದೆ. ಆದ್ದರಿಂದ ಅಕ್ಕನ ಹಂಬಲದಲ್ಲಿ ತಪ್ಪಿರಲಿಲ್ಲ. ಆ ಹಂಬಲ ಹಿಡಿದ ದಾರಿಯಲ್ಲಿ ತೊಡಕಿತ್ತು.

ಅವಳಿಗೆ ನಂಬಿಕೆ ಹುಟ್ಟಿದ ಎರಡು ವರ್ಷಗಳ ನಂತರ ತಾಯಿಗೆ ಗುಣವಾಗದ ಕಾಯಿಲೆ ಬಂತು. 11 ತಿಂಗಳು ನರಳಿ ತೀರಿಕೊಂಡರು. ಅದಾದ ಮೇಲೆ ತಮ್ಮ ಅಕ್ಕನೊಡನೆ ಮಾತು ಬಿಟ್ಟ. ತಂದೆಗೆ ಸಂಬಂಧಿಸಿದ ವ್ಯವಹಾರಗಳಿಗೆ ಎರಡು ಸಾಲಿನ ಸಂದೇಶ, ಅಷ್ಟೇ. ಅವಳು ನನ್ನ ಬಳಿಗೆ ಬಂದದ್ದು ತಾಯಿ ಹೋಗಿ ಒಂದು ವರ್ಷ ಕಳೆದ ಮೇಲೆ. ತಮ್ಮನ ಹೃದಯ ಕಲ್ಲಾಗಿದೆ, ಅವನಿಗಾಗಿ ಪ್ರಾರ್ಥಿಸಿ, ಸಾಧ್ಯವಾದರೆ ಹೋಗಿ ಮಾತಾಡಿ ಎಂಬುದು ಅವಳ ಬೇಡಿಕೆಯಾಗಿತ್ತು.

ಸಮಸ್ಯೆಯ ಸ್ವರೂಪ

ಅಷ್ಟು ಹೊತ್ತಿಗೆ ಅವಳು ಏನೇನು ಮಾಡಿದ್ದಳೆಂದು ವಿಚಾರಿಸಿದೆ. ಪ್ರತಿದಿನ ಬೆಳಿಗ್ಗೆ ತಮ್ಮನಿಗೆ ಒಂದು ವಾಕ್ಯ ಕಳುಹಿಸುತ್ತಿದ್ದಳು. ಅವನು ಉತ್ತರಿಸದಿದ್ದಾಗ ಎಚ್ಚರಿಕೆಯ ಧ್ವನಿಯ ವಾಕ್ಯಗಳನ್ನು ಆರಿಸತೊಡಗಿದಳು. ಅವನ ಹುಟ್ಟುಹಬ್ಬದ ದಿನ ಮಾಡಿದ ಪ್ರಾರ್ಥನೆಯಲ್ಲಿ ಅರ್ಧ ಭಾಗ ದೇವರಿಗೂ ಅರ್ಧ ಭಾಗ ಅವನಿಗೂ ಹೇಳಿದ್ದಾಗಿತ್ತು. ಒಮ್ಮೆ ಬೋಧಕರೊಬ್ಬರನ್ನು ಮುಂಚಿತವಾಗಿ ತಿಳಿಸದೆ ಅವನ ಮನೆಗೆ ಕರೆದೊಯ್ದಿದ್ದಳು. ಇವೆಲ್ಲ ನಾನು ಬೇರೆ ಮನೆಗಳಲ್ಲಿಯೂ ಕಂಡವೇ. ಆದರೆ ಎರಡು ಸಂಗತಿಗಳು ಹೆಚ್ಚು ಗಾಯ ಮಾಡಿದ್ದವು.

ತಮ್ಮನ ದಾಂಪತ್ಯದಲ್ಲಿ ಆಗ ಬಿರುಕು ಬಿಟ್ಟಿತ್ತು. ಅದನ್ನು ಅವನು ತಾಯಿಗೆ ಹೇಳಿದ್ದ, ತಾಯಿ ಅಕ್ಕನಿಗೆ ಹೇಳಿದ್ದರು. ಅಕ್ಕ ಅದನ್ನು ವಿಜ್ಞಾಪನೆಯ ಪ್ರಾರ್ಥನಾ ಕೂಟದಲ್ಲಿ, ಹೆಸರು ವಿವರಗಳ ಸಮೇತ, ಪ್ರಾರ್ಥನಾ ವಿಷಯವಾಗಿ ಇಟ್ಟಳು. ಪ್ರೀತಿಯಿಂದಲೇ ಇಟ್ಟಳು. ಮೂರು ವಾರಗಳೊಳಗೆ ಅದು ಸುತ್ತಿ ಬಳಸಿ ಅವನ ಕಿವಿಗೇ ಬಿತ್ತು. ನಮ್ಮ ಕೂಟಗಳಲ್ಲಿ ಪ್ರಾರ್ಥನೆಯ ಹೆಸರಿನಲ್ಲಿ ಎಷ್ಟು ಮನೆಗಳ ಗುಟ್ಟು ಬಯಲಾಗುತ್ತದೆಂದು ಲೆಕ್ಕ ಇಟ್ಟವರಿಲ್ಲ. ಇಟ್ಟಿದ್ದರೆ ನಮಗೆ ನಾಚಿಕೆಯಾಗುತ್ತಿತ್ತು.

ಎರಡನೆಯದು ಒಂದು ನೋಟ್‌ಪುಸ್ತಕ. ಅದರಲ್ಲಿ ಅಕ್ಕ ರಕ್ಷಣೆ ಹೊಂದಬೇಕಾದವರ ಹೆಸರುಗಳನ್ನು ಬರೆದಿಟ್ಟು, ಪ್ರತಿ ಹೆಸರಿನ ಮುಂದೆ ತಾನು ಮಾತಾಡಿದ ದಿನ, ಆಡಿದ ಮಾತು, ಅವರ ಪ್ರತಿಕ್ರಿಯೆ ಇವುಗಳನ್ನು ಗುರುತು ಹಾಕುತ್ತಿದ್ದಳು. ಮೊದಲ ಹೆಸರು ತಮ್ಮನದು, ಎರಡನೆಯದು ಬಾಲ್ಯದ ಗೆಳತಿಯದು. ತಾಯಿಯ ಸಾಮಾನುಗಳನ್ನು ಹಂಚಿಕೊಳ್ಳುವ ದಿನ ಆ ಪುಸ್ತಕ ತಮ್ಮನ ಕೈಗೆ ಸಿಕ್ಕಿತು. ಅವನು ತನ್ನ ಪುಟವನ್ನು ಪೂರ್ತಿ ಓದಿ, ಮುಚ್ಚಿ, ಮೇಜಿನ ಮೇಲಿಟ್ಟು ಹೋದ. ನಂತರ ಒಂದೇ ಮಾತು ಕಳುಹಿಸಿದ: "ನೀನು ನನ್ನ ಜೊತೆ ಕಳೆದ ಹೊತ್ತೆಲ್ಲ ಇದಕ್ಕಾಗಿಯೇ ಎಂದು ಗೊತ್ತಿರಲಿಲ್ಲ."

ಅಕ್ಕ ಇದನ್ನು ನನಗೆ ಹೇಳಿದ್ದು ತನ್ನ ತಪ್ಪಿನ ಉದಾಹರಣೆಯಾಗಿ ಅಲ್ಲ, ತಮ್ಮನ ಹೃದಯ ಎಷ್ಟು ಕಠಿಣವಾಗಿದೆ ಎಂಬುದರ ಉದಾಹರಣೆಯಾಗಿ. ಪ್ರಾರ್ಥನೆಗೆ ಹೆಸರುಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿಯೇ ಎಂದಳು. ನಾನು ಒಪ್ಪಿದೆ. ಆದರೆ ಆ ಪುಟದಲ್ಲಿ ಪ್ರಾರ್ಥನೆಗಿಂತ ಲೆಕ್ಕ ಹೆಚ್ಚಾಗಿತ್ತು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯದಲ್ಲಿ ಪ್ರೀತಿಯು ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ನಾವು ಓದುವ ಕಡೆ, ಆ ಪತ್ರಿಕೆಯನ್ನು ಬರೆದ ಅಪೊಸ್ತಲ ಪೌಲನು ಬಳಸುವ ಗ್ರೀಕ್ ಕ್ರಿಯಾಪದ ಲೆಕ್ಕಪತ್ರ ಬರೆಯುವವರಿಗೂ ಸೇರಿದ ಪದ. ಯಾರೋ ಮಾಡಿದ ಕೇಡಿನ ಲೆಕ್ಕವನ್ನಷ್ಟೇ ಅಲ್ಲ, ಯಾರಿಗೋ ನಾವು ತೋರಿಸಿದ ಪ್ರೀತಿಯ ಲೆಕ್ಕವನ್ನೂ ಬರೆಯಬಾರದೆಂದು ಆ ದಿನ ನನಗೆ ಹೊಳೆಯಿತು.

ಮೊದಲ ತೀರ್ಮಾನ: ನಾನು ಹೋಗಲಿಲ್ಲ

ತಮ್ಮನೊಡನೆ ಹೋಗಿ ಮಾತಾಡಬೇಕೆಂಬ ಕೋರಿಕೆಯನ್ನು ನಾನು ನಿರಾಕರಿಸಿದೆ. ಅಕ್ಕನಿಗೆ ಬೇಸರವಾಯಿತು. ಅವಳಿಗೆ ಮೋನಿಕಾಳ ಪ್ರಸಂಗವನ್ನು ನೆನಪಿಸಿದೆ. ಮುಂದೆ ಸಭೆಯ ಹೆಸರಾಂತ ಬೋಧಕನಾದ ತನ್ನ ಮಗ ಅಗಸ್ಟೀನನು, ಬೆಳಕು ಕತ್ತಲೆಗಳೆಂಬ ಎರಡು ಶಕ್ತಿಗಳನ್ನು ನಂಬುವ ಮಾನಿಕೇಯರ ಪಂಥಕ್ಕೆ ಸೇರಿದ್ದಾಗ ಮೋನಿಕಾ ಬಿಷಪರೊಬ್ಬರ ಬಳಿಗೆ ಹೋಗಿ ಮಗನೊಡನೆ ವಾದಿಸಿ ಅವನನ್ನು ತಿದ್ದಬೇಕೆಂದು ಬೇಡಿಕೊಂಡಳು. ಅವರು ಒಪ್ಪಲಿಲ್ಲ. ಅವನಿನ್ನೂ ಕಲಿಯುವ ಸ್ಥಿತಿಯಲ್ಲಿಲ್ಲ, ಅವನನ್ನು ಬಿಟ್ಟುಬಿಡು, ಪ್ರಾರ್ಥಿಸು, ಓದುತ್ತಾ ಓದುತ್ತಾ ಅವನೇ ಕಂಡುಕೊಳ್ಳುತ್ತಾನೆ ಎಂದರು. ಅವರೂ ಚಿಕ್ಕವರಿದ್ದಾಗ ಅದೇ ಪಂಥದಲ್ಲಿ ಬೆಳೆದು ಹೊರಬಂದವರು. ಅವಳು ಅಳುತ್ತಾ ಒತ್ತಾಯಿಸಿದಾಗ ಬೇಸತ್ತು, ಹೋಗು, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಎಂದರಂತೆ. ಆ ಕೊನೆಯ ಮಾತನ್ನೇ ಎಲ್ಲರೂ ಉದ್ಧರಿಸುತ್ತಾರೆ. ನನಗೆ ಅದರ ಹಿಂದಿನ ನಿರಾಕರಣೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಅದೇ ಕಥೆಯ ಇನ್ನೊಂದು ತಿರುವನ್ನೂ ಅವಳಿಗೆ ಹೇಳಿದೆ. 383ರಲ್ಲಿ ಅಗಸ್ಟೀನನು ಕಾರ್ಥೇಜಿನಿಂದ ರೋಮಿಗೆ ಹೊರಟಾಗ, ಬಿಡದೆ ಅಂಟಿಕೊಂಡಿದ್ದ ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ಹಡಗು ಹತ್ತಿದ. ಅವಳ ಪ್ರೀತಿಯಲ್ಲಿ ಮಗ ತನ್ನ ಕಣ್ಣೆದುರೇ ಇರಬೇಕೆಂಬ ದೇಹಭಾವದ ಆಸೆಯೂ ಬೆರೆತಿತ್ತು, ದೇವರು ಅದನ್ನು ಆ ದುಃಖದಿಂದ ಶುದ್ಧಗೊಳಿಸಿದ ಎಂದು ಅವನೇ ಮುಂದೆ ಬರೆದ. ಅವನು ಮಿಲಾನಿನಲ್ಲಿ ಅಲ್ಲಿನ ಬಿಷಪ್ ಆಂಬ್ರೋಸರ ಕೈಯಿಂದ ದೀಕ್ಷಾಸ್ನಾನ ಪಡೆದದ್ದು 387ರ ಈಸ್ಟರ್‌ನಲ್ಲಿ. ಮೋನಿಕಾ ಅದನ್ನು ಕಂಡು ಅದೇ ವರ್ಷ ತೀರಿಕೊಂಡಳು. ಕಾದದ್ದು ಎಷ್ಟು ವರ್ಷ ಎಂಬುದಕ್ಕಿಂತ, ಕಾಯುವಾಗ ಅವಳ ಪ್ರೀತಿಯೂ ತಿದ್ದುಪಡಿಗೆ ಒಳಗಾಯಿತು ಎಂಬುದನ್ನು ಗಮನಿಸಬೇಕೆಂದೆ. ಅಕ್ಕ ಕೇಳಿಸಿಕೊಂಡಳು, ಒಪ್ಪಿದಳೆಂದು ಹೇಳಲಾರೆ.

ಮೌನದ ತಿಂಗಳುಗಳು

ನಾನು ಅವಳಿಗೆ ಸೂಚಿಸಿದ್ದು ಹೀಗಿತ್ತು. ವಾಕ್ಯಗಳನ್ನು ಕಳುಹಿಸುವುದನ್ನು ನಿಲ್ಲಿಸಬೇಕು, ಕೂಟದಲ್ಲಿ ತಮ್ಮನ ಹೆಸರೆತ್ತಬಾರದು, ಆ ಪುಸ್ತಕವನ್ನು ನನ್ನ ಬಳಿ ಬಿಡಬೇಕು, ಅವನೊಡನೆ ನಂಬಿಕೆಯ ವಿಷಯ ಮಾತಾಡಬಾರದು. ಇದಕ್ಕೆ ಆಧಾರವಾಗಿ ಯೇಸುವಿನ ಶಿಷ್ಯ ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯದ ಆರಂಭವನ್ನು ತೋರಿಸಿದೆ. ವಾಕ್ಯಕ್ಕೆ ಕಿವಿಗೊಡದ ಗಂಡಂದಿರು, ಉಪದೇಶದ ಮಾತಿಲ್ಲದೆಯೂ, ಹೆಂಡತಿಯರ ನಡತೆಯನ್ನು ನೋಡಿಯೇ ಗೆಲ್ಲಲ್ಪಡಬಹುದೆಂದು ಅಪೊಸ್ತಲನು ಅಲ್ಲಿ ಹೇಳುತ್ತಾನೆ. ಒಂದು ಮಾತನ್ನು ನಡುವೆ ಸೇರಿಸಬೇಕು: ಹೊಡೆತ ಬಡಿತಗಳಿರುವ ಮನೆಯಲ್ಲಿ ಸುಮ್ಮನೆ ಸಹಿಸಿಕೊಂಡಿರೆಂದು ಹೇಳುವುದಕ್ಕೆ ಈ ವಾಕ್ಯವನ್ನು ಬಳಸುವವರನ್ನು ನಾನು ಕಂಡಿದ್ದೇನೆ, ಅದು ವಾಕ್ಯಕ್ಕೂ ಆ ಹೆಂಗಸಿಗೂ ಮಾಡುವ ದ್ರೋಹ. ಈ ಪ್ರಕರಣದಲ್ಲಿ ಅಂಥದ್ದೇನೂ ಇರಲಿಲ್ಲ.

ಅಕ್ಕ ನಿಷ್ಠೆಯಿಂದ ಪಾಲಿಸಿದಳು. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳು ತಂದೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಹಗಲು ಒಬ್ಬರು, ರಾತ್ರಿ ಒಬ್ಬರು ಎಂದು ಅಕ್ಕ ತಮ್ಮ ಹಂಚಿಕೊಳ್ಳಲೇಬೇಕಾಯಿತು. ಆಗಲೂ ತಮ್ಮ ಸಂಶಯದಿಂದಲೇ ಇದ್ದ. ಒಂದು ದಿನ ನಗುತ್ತಲೇ, "ಈಗ ಮಾತಾಡದೆ ಇರುವುದೂ ಒಂದು ಉಪಾಯವೇ?" ಎಂದು ಕೇಳಿದನಂತೆ. ಅಕ್ಕ ನನಗೆ ಅದನ್ನು ಹೇಳಿದಾಗ ನಾನು ಒಳಗೊಳಗೇ ಬೆಚ್ಚಿದೆ, ಏಕೆಂದರೆ ನಿಜಕ್ಕೂ ಅದೊಂದು ಉಪಾಯವೇ ಆಗಿತ್ತು. ಅವಳ ಮೌನದ ತುದಿಯಲ್ಲಿ ಅದೇ ಎಣಿಕೆ ಕುಳಿತಿತ್ತು: ಎಷ್ಟು ತಿಂಗಳು ಸುಮ್ಮನಿದ್ದರೆ ಅವನು ತಿರುಗಿಯಾನು?

ಆದರೆ ರೋಗಿಯ ಆರೈಕೆ ಉಪಾಯಗಳಿಗೆ ಬಿಡುವು ಕೊಡುವುದಿಲ್ಲ. ಮಗ್ಗುಲು ಬದಲಿಸಬೇಕು, ಹಾಸಿಗೆ ಹುಣ್ಣಾಗದಂತೆ ನೋಡಬೇಕು, ಮಾತು ಬಾರದ ಸಿಟ್ಟಿನಲ್ಲಿ ತಂದೆ ಕೈ ಬೀಸಿದರೆ ಸಹಿಸಬೇಕು. ನಾಲ್ಕೈದು ತಿಂಗಳಾಗುವ ಹೊತ್ತಿಗೆ ಅಕ್ಕ ತಮ್ಮನ ರಕ್ಷಣೆಯ ಬಗ್ಗೆ ದಿನಗಟ್ಟಲೆ ಯೋಚಿಸಿಯೇ ಇರಲಿಲ್ಲವೆಂದು, ಅದೊಂದು ಪಾಪವೆಂಬಂತೆ, ನನ್ನೆದುರು ಒಪ್ಪಿಕೊಂಡಳು. ಅವನ ಪಾಳಿಯ ರಾತ್ರಿಗಳಲ್ಲಿ ಎರಡನ್ನು ತಾನೇ ವಹಿಸಿಕೊಂಡಿದ್ದಳು. ಏಕೆಂದು ಕೇಳಿದರೆ, ಅವನ ಕಣ್ಣ ಕೆಳಗೆ ಕಪ್ಪಾಗಿತ್ತು ಎಂದಳು. ಅಷ್ಟೇ ಕಾರಣ. ಅವಳು ನನ್ನ ಬಳಿಗೆ ಬರತೊಡಗಿದ ಮೇಲೆ ತಮ್ಮನಿಗಾಗಿ ಮಾಡಿದ್ದರಲ್ಲಿ ಯಾವ ಲೆಕ್ಕಕ್ಕೂ ಸೇರದ ಮೊದಲ ಕೆಲಸ ಅದು ಎಂದು ನಾನು ಭಾವಿಸುತ್ತೇನೆ.

ಆ ರಾತ್ರಿಯ ಪ್ರಶ್ನೆ

ಎಂಟನೆಯ ತಿಂಗಳ ಒಂದು ರಾತ್ರಿ ಪಾಳಿ ಬದಲಾಗುವ ಹೊತ್ತಿನಲ್ಲಿ ತಮ್ಮ ಹೋಗದೆ ನಿಂತು ಕೇಳಿದ: "ಅಮ್ಮನ ಹೊತ್ತಿನಲ್ಲಿ ನೀನು ಹೀಗಿರಲಿಲ್ಲ. ಅಪ್ಪನಿಗೆ ವಾಸಿಯಾಗಲೇಬೇಕೆಂದು ಹಠ ಹಿಡಿದಿಲ್ಲ, ಯಾರ ಮೇಲೂ ರೇಗುತ್ತಿಲ್ಲ. ಏನಾಯಿತು ನಿನಗೆ?"

ಅಕ್ಕ ಉತ್ತರಿಸಲಿಲ್ಲ. ನಂಬಿಕೆಯ ವಿಷಯ ಮಾತಾಡಬಾರದೆಂದು ನಾನು ಹೇಳಿದ್ದೆನಲ್ಲ! "ಏನಿಲ್ಲ, ಹೊರಡು, ತಡವಾಯಿತು" ಎಂದುಬಿಟ್ಟಳು. ತಮ್ಮ ಒಂದು ಗಳಿಗೆ ನೋಡಿ ಹೊರಟುಹೋದ. ಮರುದಿನ ಅವಳು ಫೋನ್ ಮಾಡಿ, ಮಾತಾಡಬೇಕಿತ್ತೇ ಎಂದು ಕೇಳಿದಾಗ ನನ್ನ ಸಲಹೆಯ ಕೊರತೆ ನನಗೆ ಎದ್ದು ಕಂಡಿತು. ಪೇತ್ರನ ಅದೇ ಅಧ್ಯಾಯದ 1ನೇ ವಚನವನ್ನು ಅವಳಿಗೆ ಕೊಟ್ಟಿದ್ದೆ, 15ನೇ ವಚನವನ್ನು ಕೊಟ್ಟಿರಲಿಲ್ಲ. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸೌಮ್ಯತೆಯಿಂದಲೂ ಗೌರವದಿಂದಲೂ ಹೇಳಿ ಎಂದು ಅಲ್ಲಿದೆ. ಕೇಳದವನಿಗೆ ಸುರಿಯುವುದು ಎಷ್ಟು ತಪ್ಪೋ, ಕೇಳಿದವನಿಗೆ ಬಾಗಿಲು ಹಾಕುವುದೂ ಅಷ್ಟೇ ತಪ್ಪು. ನಾನು ಅವಳಿಗೆ ಒಂದು ನಿಯಮ ಕೊಟ್ಟಿದ್ದೆ. ಯಾವಾಗ ಅದನ್ನು ಮುರಿಯಬೇಕೆಂದು ಕಲಿಸಿರಲಿಲ್ಲ. ಅದಕ್ಕಾಗಿ ಅವಳ ಕ್ಷಮೆ ಕೇಳಿದೆ.

ಆಗ ಇನ್ನೊಂದು ವಿಷಯ ನನ್ನ ತಲೆಗೆ ಬಂತು. ತಮ್ಮ ಕೇಳಿದ್ದು ಕೇವಲ ಈಗಿನ ಸಂಗತಿಯಲ್ಲ. ಅಮ್ಮನ ಹೊತ್ತಿನಲ್ಲಿ ಏನಾಗಿತ್ತು ಎಂದು ಅಕ್ಕನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಎಂಟು ತಿಂಗಳಲ್ಲಿ ಒಮ್ಮೆಯೂ ಹೇಳದಿದ್ದುದನ್ನು ಹೇಳಿದಳು. ತಾಯಿಯ ಸ್ಥಿತಿ ಬಿಗಡಾಯಿಸಿದಾಗ ಆಸ್ಪತ್ರೆಯ ಮೊಗಸಾಲೆಯಲ್ಲಿ ತಮ್ಮನಿಗೆ ಅವಳು, "ನಾವೆಲ್ಲ ಉಪವಾಸವಿದ್ದು ಪ್ರಾರ್ಥಿಸುತ್ತಿದ್ದೇವೆ. ಅಮ್ಮ ಗುಣವಾಗದಂತೆ ಅಡ್ಡ ನಿಂತಿರುವುದು ನಿನ್ನ ಅಪನಂಬಿಕೆಯೊಂದೇ" ಎಂದಿದ್ದಳು. ಒಂಬತ್ತು ದಿನಗಳ ನಂತರ ತಾಯಿ ತೀರಿಕೊಂಡರು.

ನನಗೆ ಕೆಲಹೊತ್ತು ಮಾತು ಹೊರಡಲಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇವನು ಕುರುಡನಾಗಿ ಹುಟ್ಟಲು ಯಾರ ಪಾಪ ಕಾರಣ, ಇವನದೋ ತಂದೆತಾಯಿಗಳದೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದದ್ದನ್ನು ಯೋಹಾನನ 9ನೇ ಅಧ್ಯಾಯದಿಂದ ಓದಿದೆ. ಅವಳಿಗೆ ಅದು ಗೊತ್ತಿತ್ತು. ಆ ಮಾತು ಸುಳ್ಳೆಂದು ತಾಯಿಯ ಶವಪೆಟ್ಟಿಗೆಯ ಮುಂದೆ ನಿಂತಾಗಲೇ ಅನ್ನಿಸಿತ್ತಂತೆ. ಹಾಗಿದ್ದರೆ ಏಕೆ ಹೇಳಲಿಲ್ಲ ಎಂದೆ. ತಾನು ತಪ್ಪಿದೆನೆಂದು ಒಪ್ಪಿಕೊಂಡರೆ ತನ್ನ ಸಾಕ್ಷಿ ಕೆಡುತ್ತದೆ, ಅವನು ದೇವರಿಂದ ಇನ್ನೂ ದೂರ ಹೋಗುತ್ತಾನೆ ಎಂದು ಹೆದರಿದ್ದಳು. ಈ ಹೆದರಿಕೆಯನ್ನು ನಾನು ಬೇರೆ ಭಕ್ತರಲ್ಲಿಯೂ ಕಂಡಿದ್ದೇನೆ. ನಮ್ಮ ತಪ್ಪನ್ನು ಮುಚ್ಚಿಟ್ಟು ದೇವರ ಹೆಸರನ್ನು ಕಾಪಾಡುತ್ತೇವೆಂದು ಭಾವಿಸುತ್ತೇವೆ, ನಮ್ಮ ಮನೆಯವರು ಆ ತಪ್ಪನ್ನೇ ದೇವರದೆಂದು ತಿಳಿದು ಬಾಳುತ್ತಾರೆ.

ಕ್ಷಮೆ ಕೇಳಬೇಕೆಂದು ಇಬ್ಬರೂ ನಿರ್ಧರಿಸಿದೆವು. ಹೇಗೆ ಕೇಳಬೇಕೆಂಬುದರ ಮೇಲೆ ಒಂದು ಸಂಜೆ ಪೂರ್ತಿ ಕಳೆದೆವು. ಅದು ಅತಿಯಾಯಿತೆಂದು ಓದುಗರಿಗೆ ಅನ್ನಿಸಬಹುದು. ಆದರೆ ಅವಳು ಮೊದಲು ಬರೆದುಕೊಂಡು ಬಂದ ಕ್ಷಮಾಯಾಚನೆಯಲ್ಲಿ ಮೂರನೆಯ ಸಾಲಿಗೇ "ಆದರೂ ದೇವರು ನಿನ್ನನ್ನು ಪ್ರೀತಿಸುತ್ತಾನೆ" ಎಂದಿತ್ತು. ಆ ಸಾಲು ಸತ್ಯವೇ. ಅಲ್ಲಿ ಬರುವಾಗ ಮಾತ್ರ ಅದು ಕ್ಷಮೆಯನ್ನು ಮತ್ತೆ ಉಪದೇಶವಾಗಿ ಮಾಡುತ್ತಿತ್ತು. ಅದನ್ನು ತೆಗೆದಳು. ಕೂಟದಲ್ಲಿ ಅವನ ಮನೆಯ ಗುಟ್ಟನ್ನು ಬಿಚ್ಚಿದ್ದು, ಪುಸ್ತಕದಲ್ಲಿ ಅವನ ಲೆಕ್ಕ ಬರೆದದ್ದು, ಮೊಗಸಾಲೆಯ ಆ ಮಾತು, ಇಷ್ಟೇ ಉಳಿದವು.

ಮುಂದೆ ನಡೆದದ್ದು

ಅಕ್ಕ ಹೇಳಿದಾಗ ತಮ್ಮ ಏನೂ ಅನ್ನಲಿಲ್ಲ. ಹದಿನೈದು ದಿನ ಪಾಳಿಯ ಮಾತು ಬಿಟ್ಟು ಬೇರೆ ಮಾತಿಲ್ಲ. ಅವಳು ಸೋತೆನೆಂದುಕೊಂಡಳು. ಆಮೇಲೆ ಒಂದು ಬೆಳಿಗ್ಗೆ ತಂದೆಯ ಹಾಸಿಗೆಯ ಆಚೆ ಬದಿಯಿಂದ, ಅವಳತ್ತ ನೋಡದೆ ಹೇಳಿದ: "ನಾನೂ ಅದನ್ನು ನಂಬಿದ್ದೆ."

ನಂಬಿಕೆಯಿಲ್ಲದವನೆಂದು ಎಲ್ಲರೂ ಎಣಿಸಿದ್ದವನು ಅದೊಂದನ್ನು ನಂಬಿದ್ದ. ತನ್ನಿಂದಲೇ ತಾಯಿ ಸತ್ತರೆಂಬ ಮಾತನ್ನು ಬುದ್ಧಿ ತಳ್ಳಿಹಾಕಿದರೂ ಮನಸ್ಸು ಹಿಡಿದಿಟ್ಟುಕೊಂಡಿತ್ತು. ಮಗನನ್ನು ದಂಡಿಸಲು ತಾಯಿಯನ್ನು ಕೊಲ್ಲುವ ದೇವರಿದ್ದರೆ ಅವನನ್ನು ಆರಾಧಿಸದಿರುವುದೇ ತಾಯಿಗೆ ತಾನು ಸಲ್ಲಿಸುವ ಗೌರವವೆಂದು ಅವನು ತೀರ್ಮಾನಿಸಿದ್ದ. ಅಕ್ಕ ಇಷ್ಟು ದಿನ ಯಾವುದನ್ನು ಕಠಿಣ ಹೃದಯವೆಂದು ಕರೆದಿದ್ದಳೋ ಅದು ತಾಯಿಯ ಮೇಲಿನ ಪ್ರೀತಿಯೇ ಆಗಿತ್ತು. ಅಂಥ ದೇವರನ್ನು ತಾನೂ ಆರಾಧಿಸುವುದಿಲ್ಲ ಎಂದಳಂತೆ ಅಕ್ಕ. ಅವರಿಬ್ಬರೂ ನಂಬಿಕೆಯ ಬಗ್ಗೆ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅಂದೇ ಮೊದಲು.

ಇದಾದ ಮೇಲೆ ಎಲ್ಲವೂ ಸರಾಗವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ತಂದೆಗೆ ಮಾತು ತೊದಲುತ್ತಾ ಮರಳತೊಡಗಿದಾಗ ಅವರು ಕೀರ್ತನೆ ಓದೆಂದು ಕೇಳಿದ್ದು ಅಕ್ಕನನ್ನಲ್ಲ, ತಮ್ಮನನ್ನು. ಅವನು ಕರ್ತವ್ಯವೆಂದು ಓದಿದ. 130ನೇ ಕೀರ್ತನೆಯನ್ನು ತಂದೆ ಮತ್ತೆ ಮತ್ತೆ ಓದಿಸುತ್ತಿದ್ದರು. ಅಗಾಧದಿಂದ ಮೊರೆಯಿಡುವವನ ಆ ಎಂಟು ವಚನಗಳನ್ನು ತಮ್ಮನು ಬೇಸರಿಸದೆ ಓದುತ್ತಿದ್ದ. ಕೆಲವು ತಿಂಗಳ ನಂತರ ಮಾರ್ಕನ ಸುವಾರ್ತೆಯನ್ನು ತಾನಾಗಿಯೇ ಓದತೊಡಗಿದನೆಂದು ತಿಳಿಯಿತು. ಪ್ರಶ್ನೆಗಳು ಎದ್ದಾಗ ಅವನು ಹೋದದ್ದು ಅಕ್ಕನ ಬಳಿಗಲ್ಲ, ನನ್ನ ಬಳಿಗೂ ಅಲ್ಲ. ಹಳೆಯ ಸಹೋದ್ಯೋಗಿಯೊಬ್ಬರ ಬಳಿಗೆ. ಅಕ್ಕನಿಗೆ ಇದು ನೋವುಂಟುಮಾಡಿತು. ಇಷ್ಟೆಲ್ಲ ಮಾಡಿದವಳು ನಾನು, ಕೊಯ್ಲು ಇನ್ನೊಬ್ಬರದೇ ಎಂಬ ಧಾಟಿಯಲ್ಲಿ ಮಾತಾಡಿ, ಅರ್ಧದಲ್ಲೇ ತಾನೇ ನಕ್ಕಳು. ನೆಟ್ಟವನೂ ನೀರೆರೆದವನೂ ಏನೂ ಅಲ್ಲ, ಬೆಳೆಸುವವನು ದೇವರು ಎಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ನಾನು ಹೇಳಬೇಕಾಗಲಿಲ್ಲ.

ಕ್ಷಮೆ ಕೇಳಿದ ಒಂದೂವರೆ ವರ್ಷದ ಮೇಲೆ ತಮ್ಮ ಬೇರೊಂದು ಸಭೆಯಲ್ಲಿ, ಯಾರಿಗೂ ಹೇಳದೆ, ಯೇಸುವಿನ ಮರಣವನ್ನು ನೆನೆದು ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಭಾಗಿಯಾದ. ಅಕ್ಕನಿಗೆ ಅದು ತಂದೆಯಿಂದ ತಿಳಿಯಿತು. ಈಗಲೂ ಅವನು ಅವಳೊಡನೆ ಆ ಬಗ್ಗೆ ಹೆಚ್ಚು ಮಾತಾಡುವುದಿಲ್ಲ, ಅವಳೂ ಕೆದಕುವುದಿಲ್ಲ.

ಪ್ರೀತಿ ರಕ್ಷಿಸುತ್ತದೆಯೇ?

ಅಕ್ಕನ ಪ್ರೀತಿಯೇ ತಮ್ಮನನ್ನು ರಕ್ಷಿಸಿತೆಂದು ನಾನು ಬರೆಯಲಾರೆ. ರಕ್ಷಿಸುವವನು ದೇವರು. ಆದರೂ ಒಬ್ಬರ ನಂಬಿಕೆ ಮತ್ತೊಬ್ಬರ ಬದುಕಿಗೆ ಏನೂ ಸಲ್ಲಿಸುವುದಿಲ್ಲವೆನ್ನುವುದು ಸತ್ಯವೇದದ ದನಿಯಲ್ಲ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಚಾವಣಿ ತೆರೆದು ಇಳಿಸಿದಾಗ ಯೇಸು "ಅವರ" ನಂಬಿಕೆಯನ್ನು ಕಂಡು ಪಾಪಕ್ಷಮೆ ಸಾರಿದನೆಂದು ಮಾರ್ಕನು 2ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ತನ್ನ ಜೊತೆಗಾರ ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿಯಲ್ಲಿಯೂ ತಾಯಿಯಲ್ಲಿಯೂ ಇತ್ತೆಂದು ಪೌಲನು ನೆನೆಯುತ್ತಾನೆ. ನಂಬದ ಗಂಡನು ಹೆಂಡತಿಯ ಮೂಲಕ ಪವಿತ್ರನಾದನೆಂದು ಕೊರಿಂಥದವರಿಗೆ ಬರೆದ ಅದೇ ಪೌಲನು, ಎರಡು ವಚನ ದಾಟುವಷ್ಟರಲ್ಲಿ, ನೀನು ಗಂಡನನ್ನು ರಕ್ಷಿಸುವೆಯೋ ಇಲ್ಲವೋ ನಿನಗೇನು ಗೊತ್ತು ಎಂದೂ ಕೇಳುತ್ತಾನೆ. ಆ ಪ್ರಶ್ನೆಗೆ ಅವನು ಉತ್ತರ ಕೊಟ್ಟಿಲ್ಲ. ನಾವು ಕೊಡಲು ಹೋದಲ್ಲಿ ಅಕ್ಕನ ನೋಟ್‌ಪುಸ್ತಕ ಶುರುವಾಗುತ್ತದೆ.

ಕರ್ತನಾದ ಯೇಸುವಿನ ಮೇಲೆ ನಂಬಿಕೆಯಿಡು, ನೀನೂ ನಿನ್ನ ಮನೆಯವರೂ ರಕ್ಷಣೆ ಹೊಂದುವಿರಿ ಎಂದು ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಗೆ, ಅಲ್ಲಿ ಸೆರೆಯಾಳುಗಳಾಗಿದ್ದ ಪೌಲನೂ ಅವನ ಜೊತೆಗಾರ ಸೀಲನೂ ಹೇಳಿದ ಮಾತನ್ನು ಅಕ್ಕ ತನಗೆ ಸಿಕ್ಕ ವಾಗ್ದಾನವೆಂದು ಹಿಡಿದಿದ್ದಳು. ಅದನ್ನು ಕಸಿಯಲು ನನಗೆ ಮನಸ್ಸಿರಲಿಲ್ಲ; ಮುಂದಿನ ವಚನಗಳನ್ನೂ ಓದಲು ಹೇಳಿದೆ. ಅಲ್ಲಿ ಮನೆಯವರೆಲ್ಲರಿಗೂ ವಾಕ್ಯವನ್ನು ತಿಳಿಸಲಾಯಿತು. ಅದಾದ ಗಳಿಗೆಯಲ್ಲೇ ಆ ಅಧಿಕಾರಿ ಸೆರೆಯಾಳುಗಳ ಬಾಸುಂಡೆಗಳನ್ನು ತೊಳೆದ, ತನ್ನ ಮನೆಯೊಳಕ್ಕೆ ಕರೆದು ಊಟವಿಕ್ಕಿದ. ಆ ಮನೆಯವರು ಒಂದೇ ರಾತ್ರಿಯಲ್ಲಿ ವಾಕ್ಯವನ್ನೂ ಕೇಳಿದರು, ಗಾಯ ತೊಳೆಯುವ ಯಜಮಾನನನ್ನೂ ಕಂಡರು.

ತನ್ನವರು ನಂಬದಿರುವುದು ತನ್ನ ಪ್ರೀತಿ ಸಾಲದೆಂಬುದರ ಗುರುತು ಎಂದು ಕೊರಗುವವರಿಗೆ ನಾನು ಯೋಹಾನನ 7ನೇ ಅಧ್ಯಾಯದ 5ನೇ ವಚನವನ್ನು ತೋರಿಸುತ್ತೇನೆ. ಯೇಸುವಿನ ತಮ್ಮಂದಿರೂ ಅವನಲ್ಲಿ ನಂಬಿಕೆಯಿಟ್ಟಿರಲಿಲ್ಲ. ಒಂದೇ ಮನೆಯಲ್ಲಿ ಬೆಳೆದವರು, ಅವನಿಗಿಂತ ಚೆನ್ನಾಗಿ ಪ್ರೀತಿಸಬಲ್ಲವರು ಯಾರು? ಪುನರುತ್ಥಾನದ ನಂತರ ಅವನು ಅವರಲ್ಲೊಬ್ಬನಾದ ಯಾಕೋಬನಿಗೆ ಕಾಣಿಸಿಕೊಂಡನೆಂದು ಪೌಲನು ಬರೆಯುತ್ತಾನೆ, ಆಮೇಲೆ ಆ ತಮ್ಮಂದಿರು ಶಿಷ್ಯರೊಡನೆ ಪ್ರಾರ್ಥನೆಯಲ್ಲಿ ನಿರತರಾಗಿದ್ದುದು ಅಪೊಸ್ತಲರ ಕೃತ್ಯಗಳ ಆರಂಭದಲ್ಲಿದೆ. ನಡುವಿನ ಕಾಲದಲ್ಲಿ ಅವರನ್ನು ಒಪ್ಪಿಸಲು ಅವನು ವಾದಕ್ಕೆ ಕೂತದ್ದು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ.

ಸಮಾಲೋಚನೆಯಲ್ಲಿ ನನ್ನ ರೂಢಿ ಎರಡು ಕಡೆ ಬದಲಾಗಿದೆ. ಮನೆಯವರ ರಕ್ಷಣೆಯ ಬಗ್ಗೆ ಕೇಳಿಕೊಂಡು ಬಂದವರಿಗೆ ಮೊದಲ ಭೇಟಿಯಲ್ಲಿಯೇ, ನೀವು ಅವರ ಕ್ಷಮೆ ಕೇಳಬೇಕಾದದ್ದು ಏನಾದರೂ ಇದೆಯೇ ಎಂದು ಕೇಳುತ್ತೇನೆ. ಅಕ್ಕನಿಗೆ ಅದನ್ನು ಕೇಳಲು ನಾನು ಎಂಟು ತಿಂಗಳು ತೆಗೆದುಕೊಂಡೆ. ಮತ್ತು ಪ್ರಾರ್ಥನಾ ಕೂಟದಲ್ಲಿ ಬೇರೆಯವರ ವಿಷಯ ಇಡುವಾಗ ವಿವರ ಹೇಳದಂತೆ ನಮ್ಮ ಸಭೆಯಲ್ಲಿ ಗೊತ್ತುಪಡಿಸಿದ್ದೇವೆ. ಇದಕ್ಕೆ ವಿರೋಧ ಬಂತು, ಈಗಲೂ ಇದೆ.

ಎರಡನೆಯ ಹೆಸರು

ಪಟ್ಟಿಯ ಎರಡನೆಯ ಹೆಸರು ಬಾಲ್ಯದ ಗೆಳತಿಯದು ಎಂದೆನಲ್ಲ. ಅವಳಿಗೆ ಯಾವ ಗಾಯವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ; ಈ ವಿಷಯದಲ್ಲಿ ಆಸಕ್ತಿಯೇ ಇರಲಿಲ್ಲ. ತಂದೆಯ ಕಾಯಿಲೆಯಲ್ಲಿ ಅಕ್ಕನಿಗೆ ಆಸರೆಯಾಗಿ ನಿಂತವಳು ಅವಳೇ, ನಡೆದದ್ದನ್ನೆಲ್ಲ ಹತ್ತಿರದಿಂದ ಕಂಡವಳು. ಯೇಸುವಿನ ಶಿಷ್ಯ ಫಿಲಿಪ್ಪನು ನತಾನಯೇಲನನ್ನು ಯೇಸುವಿನ ಬಳಿಗೆ ಕರೆಯುವಾಗ ಹೇಳಿದಂತೆ ಬಂದು ನೋಡು ಎಂದು ಅಕ್ಕ ಒಮ್ಮೆ ಆರಾಧನೆಗೆ ಕರೆದಳು. ಅವಳು ಬಂದು, ನೋಡಿ, ಹಾಡುಗಳು ಚೆನ್ನಾಗಿದ್ದವು ಎಂದು ಹೋದಳು.

ನೋಟ್‌ಪುಸ್ತಕದ ವಿಷಯವನ್ನು ಅಕ್ಕ ಅವಳಿಗೂ ಹೇಳಿ ಕ್ಷಮೆ ಕೇಳಿದಾಗ ಗೆಳತಿ ಒಂದೇ ಪ್ರಶ್ನೆ ಕೇಳಿದಳು: "ನಾನು ಕೊನೆಯವರೆಗೂ ಹೀಗೇ ಇದ್ದರೆ?" ಹಾಗಿದ್ದರೂ ನೀನು ನನ್ನ ಗೆಳತಿಯೇ, ನಿನಗಾಗಿ ಪ್ರಾರ್ಥಿಸುವುದನ್ನು ಮಾತ್ರ ಬಿಡಲಾರೆ ಎಂದು ಅಕ್ಕ ಹೇಳಿದಳು. ಗೆಳತಿ ಅದಕ್ಕೆ ಒಪ್ಪಿದ್ದಾಳೆ. ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ. ಅಕ್ಕ ಅದನ್ನು ಮರಳಿ ಕೇಳಿಲ್ಲ.